ಮಲಾವಿಯ ಹಳ್ಳಿಯಲ್ಲಿ ತಾಯಿ-ಮಗುವನ್ನು ಉಳಿಸುವ ಕೆಲಸಕ್ಕೆ ಹಣ ಎಲ್ಲಿ ಕೇಳಬೇಕು?

ಆಫ್ರಿಕಾದ ಮಲಾವಿ ದೇಶದ ಹಳ್ಳಿಗಳಲ್ಲಿ ಗರ್ಭಿಣಿಯರಿಗೆ ಜಾಗೃತಿ ಶಿಬಿರ ನಡೆಸಲು ಬೆಂಗಳೂರಿನ ಕಂಪನಿಗಳಿಂದ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣ ಸಿಗುವುದೇ ಎಂದು ಕೇಳಿದ್ದೀರಿ. ಸಿಗುವುದಿಲ್ಲ. ಭಾರತದ ಹೊರಗಿನ ಇಂಥ ಕೆಲಸವನ್ನು ನಿಯಮಗಳು ಸಿಎಸ್‌ಆರ್ ಲೆಕ್ಕಕ್ಕೆ ಸೇರಿಸುವುದಿಲ್ಲ. ಆ ಬಾಗಿಲು ತಟ್ಟುತ್ತ ತಿಂಗಳು ಕಳೆಯಬೇಡಿ.

ನನ್ನನ್ನು ಹೆಚ್ಚು ಕಾಡಿದ್ದು ‘ಜಾಗೃತಿ’ ಎಂಬ ಮಾತು. ಅಲ್ಲಿನ ಹಳ್ಳಿಯ ಆರೋಗ್ಯ ಕೇಂದ್ರವೊಂದರಲ್ಲಿ ಎರಡು ವರ್ಷ ನರ್ಸ್ ಆಗಿದ್ದೆ. ನಾವೂ ಮೊದಲು ಅದಕ್ಕೇ ಹಣ ಕೇಳಿದ್ದೆವು; ಅರ್ಜಿ ತಿರಸ್ಕೃತವಾಯಿತು, ಆಗಬೇಕಾದದ್ದೇ. 2015-16ರ ಸಮೀಕ್ಷೆಯ ಹೊತ್ತಿಗೇ ಮಲಾವಿಯಲ್ಲಿ ನೂರಕ್ಕೆ 91 ಹೆರಿಗೆಗಳು ಆಸ್ಪತ್ರೆ, ಆರೋಗ್ಯ ಕೇಂದ್ರಗಳಲ್ಲಿ ಆಗುತ್ತಿದ್ದವು. ಆದರೂ ಒಂದು ಲಕ್ಷ ಜೀವಂತ ಜನನಕ್ಕೆ 439 ತಾಯಂದಿರು ಸಾಯುತ್ತಿದ್ದರು. ಹೆಂಗಸರು ಬರುತ್ತಿದ್ದಾರೆ, ಬಂದವರನ್ನು ಉಳಿಸಿಕೊಳ್ಳುವ ಅನುಕೂಲ ಅಲ್ಲಿಲ್ಲ.

ಒಂದು ರಾತ್ರಿ ಹೆರಿಗೆಯಾದ ಮೇಲೆ ಒಬ್ಬಳಿಗೆ ರಕ್ತ ನಿಲ್ಲಲಿಲ್ಲ. ಕೋಣೆಯಲ್ಲಿ ಇದ್ದದ್ದು ನನ್ನ ಮೊಬೈಲಿನ ಬೆಳಕು ಮಾತ್ರ. ರಕ್ತ ನಿಲ್ಲಿಸುವ ಆಕ್ಸಿಟೋಸಿನ್ ಇತ್ತು, ಆದರೆ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕಾದ ಆ ಔಷಧ ಕರೆಂಟಿಲ್ಲದ ಫ್ರಿಜ್ಜಿನಲ್ಲಿ ಮೂರು ದಿನದಿಂದ ಬೆಚ್ಚಗಾಗುತ್ತಿತ್ತು. ರಕ್ತ ಅವಳು ಹಾಸಿಕೊಂಡಿದ್ದ ಚಿತೆಂಜೆ ಬಟ್ಟೆಯಲ್ಲಿ ಇಂಗುತ್ತಿತ್ತು. ಎಷ್ಟು ಹೋಯಿತೆಂದು ತಿಳಿಯುವ ಬಗೆಯೇ ಇರಲಿಲ್ಲ. ಮೆಕ್ಕೆಜೋಳದ ಲಾರಿಯೊಂದನ್ನು ತಡೆದು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದೆವು. ಆಕೆ ಬದುಕಿದಳು. ಮುಂದಿನ ತಿಂಗಳು ಇನ್ನೊಬ್ಬಳು ದಾರಿಯಲ್ಲೇ ಹೋದಳು. ಅಲ್ಲಿನ ಚಿಚೆವಾ ಭಾಷೆಯಲ್ಲಿ ‘ಪಕಾತಿ’ ಎಂದರೆ ನಡುವೆ. ಬಸಿರಿಗೂ ಅದೇ ಮಾತು. ಈಗಲೂ ಆ ಪದ ಕೇಳಿದರೆ ನನಗೆ ಆ ಲಾರಿ ನೆನಪಾಗುತ್ತದೆ.

ಎರಡನೆಯ ಅರ್ಜಿಯಲ್ಲಿ ಸೌರ ಫ್ರಿಜ್ಜು, ಅದರ ಬ್ಯಾಟರಿ ಬದಲಿಸುವ ಖರ್ಚು, ವಾಹನದ ಡೀಸೆಲ್, ಉಸಿರಾಡದ ಕೂಸಿಗೆ ಗಾಳಿ ಒತ್ತುವ ಚೀಲ, ಇಷ್ಟನ್ನೇ ಕೇಳಿದೆವು. ನೀವು ಇನ್ನೊಂದನ್ನು ಸೇರಿಸಿ: ರಕ್ತ ಅಳೆಯುವ ಗುರುತುಗಳಿರುವ ಪ್ಲಾಸ್ಟಿಕ್ ಹಾಸು. 2023ರಲ್ಲಿ ಪ್ರಕಟವಾದ ಇ-ಮೋಟಿವ್ ಅಧ್ಯಯನದಲ್ಲಿ, ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದ ಆಸ್ಪತ್ರೆಗಳು ಈ ಹಾಸಿನಿಂದ ರಕ್ತಸ್ರಾವವನ್ನು ಬೇಗ ಗುರುತಿಸಿ, ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಶುರುಮಾಡಿದವು. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತಗಳು ನೂರಕ್ಕೆ 60ರಷ್ಟು ತಗ್ಗಿದವು. ಹಣ ಕೊಡುವವರಿಗೆ ಇಂಥ ಪುರಾವೆಯೇ ಬೇಕು.

ಕೇಳಲು ಒಂದು ಜಾಗ ರೋಟರಿ ಸೇವಾ ಸಂಸ್ಥೆಯ ಗ್ಲೋಬಲ್ ಗ್ರಾಂಟ್ ಎಂಬ ಅನುದಾನ. ತಾಯಿ-ಮಗುವಿನ ಆರೋಗ್ಯ ಅದರ ಗೊತ್ತುಪಡಿಸಿದ ಕ್ಷೇತ್ರಗಳಲ್ಲೊಂದು. ಯೋಜನೆಯ ಒಟ್ಟು ಮೊತ್ತ ಕನಿಷ್ಠ 30,000 ಡಾಲರ್ ಇರಬೇಕು, ಮಲಾವಿಯ ಒಂದು ರೋಟರಿ ಕ್ಲಬ್ಬೂ ಹೊರದೇಶದ ಒಂದು ಕ್ಲಬ್ಬೂ ಜೊತೆಯಾಗಿ ಅರ್ಜಿ ಹಾಕಬೇಕು. ಬ್ರಿಟನ್ನಿನಲ್ಲೋ ಅಮೆರಿಕದಲ್ಲೋ ರೋಟರಿ ಸದಸ್ಯರಾದ ಕನ್ನಡಿಗರು ಪರಿಚಯವಿದ್ದರೆ ಅವರಿಂದಲೇ ಆರಂಭಿಸಿ. ಜಿಲ್ಲಾ ಆರೋಗ್ಯ ಕಚೇರಿಯ ಒಪ್ಪಿಗೆ ಪತ್ರವನ್ನು ಮೊದಲೇ ಪಡೆಯಿರಿ.

ಅದಕ್ಕೂ ಮುನ್ನ ಅಲ್ಲಿನ ಹೆರಿಗೆ ರಿಜಿಸ್ಟರಿನಿಂದ ಹೆಸರುಗಳನ್ನು ಬಿಟ್ಟು ಒಂದು ವರ್ಷದ ಲೆಕ್ಕ ತರಿಸಿಕೊಳ್ಳಿ: ಎಷ್ಟು ಜನರನ್ನು ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದರು, ಏಕೆ, ವಾಹನ ಬರಲು ಎಷ್ಟು ಹೊತ್ತಾಯಿತು. ಅದು ಕೈಗೆ ಬಂದಾಗ ಬರೆಯಿರಿ, ಅರ್ಜಿಯ ಕರಡನ್ನು ನಾನು ಕೂತು ತಿದ್ದಿಕೊಡುತ್ತೇನೆ.