ಸೈಟಿನ ಫೋಟೋಗಳನ್ನು ವಾಟ್ಸಾಪ್ ಬಿಟ್ಟು ಆನ್‌ಲೈನ್‌ನಲ್ಲಿ ಇಡಲು ಎಲ್ಲಿಂದ ಕಲಿಯಲಿ?

ಕಟ್ಟಡ ಕಂಟ್ರಾಕ್ಟರ್ ಹತ್ತಿರ ಸೂಪರ್‌ವೈಸರ್ ಆಗಿದ್ದೀರಿ, ಇಷ್ಟು ದಿನ ಫೋಟೋ ಎಲ್ಲಾ ವಾಟ್ಸಾಪ್ ಗ್ರೂಪಿಗೆ ಹೋಗುತ್ತಿದ್ದವು, ಈಗ ಗೂಗಲ್‌ನಲ್ಲಿ ಹಾಕಿ ಅಂತಿದ್ದಾರೆ, ಇದು ನನ್ನ ಕೈಲಾಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ನಾನೂ ಇದೇ ಕೆಲಸದಲ್ಲಿದ್ದೇನೆ. ಫೋಟೋ ಯಾರ ಖಾತೆಯಲ್ಲಿ ಇರುತ್ತದೆ, ಯಾರು ಅದನ್ನು ನೋಡಬಹುದು, ಇವೆರಡನ್ನು ಮೊದಲು ತಿಳಿದುಕೊಳ್ಳಿ. ಬಟನ್‌ಗಳು ಒಂದು ವಾರದಲ್ಲಿ ಕೈಗೆ ಹತ್ತುತ್ತವೆ.

ನಮಗೆ ಫೋಟೋ ಅಂದರೆ ದಾಖಲೆ. ಮೋಲ್ಡ್ (ಚಾವಣಿ ಕಾಂಕ್ರೀಟ್) ಹಾಕಿದ ಮೇಲೆ ಕಂಬಿ ಎಷ್ಟೆಷ್ಟು ಅಂತರಕ್ಕೆ ಕಟ್ಟಿದ್ದರು, ಕಂಬಿ ಕೆಳಗೆ ಅಂತರ ಬಿಡೋಕೆ ಇಡೋ ಕವರ್ ಬ್ಲಾಕ್ ಇಟ್ಟಿದ್ದರಾ, ಕರೆಂಟ್ ಪೈಪ್ ಎಲ್ಲಿ ಹೋಗಿದೆ ಅಂತ ತೋರಿಸೋಕೆ ಅದೊಂದೇ ಉಳಿಯೋದು. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಫೋಟೋ ಕುಗ್ಗುತ್ತದೆ, ದೊಡ್ಡದು ಮಾಡಿ ನೋಡಿದರೆ ಟೇಪಿನ ಅಂಕಿ ಮಸುಕು. ತೆಗೆದ ಸಮಯ, ಜಾಗದ ವಿವರವೂ ಫೈಲಿನಿಂದ ಹೋಗಿಬಿಡುತ್ತದೆ. ಅರ್ಜೆಂಟಿದ್ದಾಗ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಆಗ ಫೈಲ್ ಇದ್ದ ಹಾಗೇ ಹೋಗುತ್ತದೆ.

ಆಫೀಸಿನ ಕೆಲಸಕ್ಕೆ ಗೂಗಲ್ ಫೋಟೋಸ್‌ಗಿಂತ ಗೂಗಲ್ ಡ್ರೈವ್ ವಾಸಿ ಅನ್ನೋದು ನನ್ನ ಅಭಿಪ್ರಾಯ. ಫೋಟೋಸ್‌ನಲ್ಲಿ ಬ್ಯಾಕಪ್ ಆನ್ ಮಾಡಿದರೆ ಕ್ಯಾಮೆರಾದಲ್ಲಿ ಇರೋದೆಲ್ಲ ಮೇಲಕ್ಕೆ ಹೋಗುತ್ತದೆ, ಮಗಳ ಹುಟ್ಟುಹಬ್ಬದ ಫೋಟೋನೂ ಸೇರಿ. ಅಲ್ಲಿ ಡಿಲೀಟ್ ಒತ್ತಿದರೆ ಫೋನಿನಲ್ಲಿರೋ ಪ್ರತಿಯೂ ಹೋಗುತ್ತದೆ. ಡ್ರೈವ್‌ಗೆ ನೀವು ಆರಿಸಿದ್ದು ಮಾತ್ರ ಹೋಗುತ್ತದೆ.

ಫೋಲ್ಡರ್ ಅನ್ನು ಆಫೀಸಿನ ಖಾತೆಯಲ್ಲೇ ಮಾಡಿಸಿ. ನಿಮ್ಮ ಸ್ವಂತ ಜಿಮೇಲ್ ಬೇಡ. ನಾಳೆ ನೀವು ಕೆಲಸ ಬಿಟ್ಟರೆ ದಾಖಲೆಯೂ ನಿಮ್ಮ ಜೊತೆ ಹೊರಟುಹೋಗುತ್ತದೆ ಅಲ್ವಾ? ಇನ್ನೊಂದು ಕಾರಣವೂ ಇದೆ. ಉಚಿತ ಖಾತೆಯಲ್ಲಿ ಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಸಿಗೋದು 15 ಜಿಬಿ. ಒಂದು ಫೋಟೋ 4 ಎಂಬಿ ಅಂತ ಹಿಡಿದರೂ ಮೂರೂವರೆ ಸಾವಿರ ದಾಟುತ್ತಿದ್ದ ಹಾಗೆ ಜಾಗ ಮುಗಿಯುತ್ತಾ ಬರುತ್ತದೆ. ತುಂಬಿದ ಮೇಲೆ ಮೇಲ್ ಬರೋದೂ ನಿಲ್ಲುತ್ತದೆ.

ಈಗ ಹಂಚಿಕೊಳ್ಳೋ ವಿಷಯ. ಇದನ್ನು ನಿಧಾನವಾಗಿ ಕಲಿಯಿರಿ. ಶೇರ್ ಒತ್ತಿದಾಗ ‘ಲಿಂಕ್ ಇರುವ ಯಾರಾದರೂ’ ಅಂತ ಆರಿಸಿದರೆ, ಆ ಲಿಂಕ್ ಯಾರಿಗೆ ಫಾರ್ವರ್ಡ್ ಆದರೂ ತೆರೆಯುತ್ತದೆ. ಮನೆ ಮಾಲೀಕರ ಬೀರು, ಬಾಗಿಲು, ಒಳಗಿನ ಜಾಗ ಎಲ್ಲವೂ ಆ ಫೋಟೋಗಳಲ್ಲಿ ಇರುತ್ತವೆ. ಅದಕ್ಕೇ ಹೆಸರು ಹಾಕಿ, ಇಮೇಲ್ ಕೊಟ್ಟು ಸೇರಿಸಿ. ಮಾಲೀಕರಿಗೆ ನೋಡೋ ಅನುಮತಿ ಮಾತ್ರ ಸಾಕು. ಬದಲಾಯಿಸೋ ಅನುಮತಿ ಎಂಜಿನಿಯರ್‌ಗೆ ಮತ್ತು ನಿಮಗೆ ಇರಲಿ. ಸರಿಯಾಗಿದೆಯಾ ಅಂತ ನೋಡೋಕೆ ಲಿಂಕ್ ಅನ್ನು ಗೂಗಲ್ ಖಾತೆ ಇಲ್ಲದ ಫೋನಿನಲ್ಲಿ ತೆರೆದು ನೋಡಿ. ಲಾಗಿನ್ ಆಗಿ ಅಂತಲೋ ಅನುಮತಿ ಬೇಕು ಅಂತಲೋ ಕೇಳಿದರೆ ಸರಿ ಇದೆ. ನೇರವಾಗಿ ಫೋಟೋ ಕಂಡರೆ ಎಲ್ಲರಿಗೂ ಕಾಣುತ್ತಿದೆ ಅಂತ ಅರ್ಥ.

ಫೋಲ್ಡರಿನ ಹೆಸರಿನಲ್ಲಿ ಇಸವಿ ಮೊದಲು ಬರಲಿ: ‘2025-03-14 ಮೊದಲ ಮಹಡಿ ಕಂಬಿ’. ಆಗ ದಿನಾಂಕದ ಪ್ರಕಾರ ತಾವೇ ಸಾಲಾಗಿ ನಿಲ್ಲುತ್ತವೆ. ಸೈಟಿನಲ್ಲಿ ನೆಟ್ ಕಮ್ಮಿ ಇದ್ದರೆ ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ವೈಫೈ ಇದ್ದಾಗ ಮಾತ್ರ ಕಳಿಸು ಅನ್ನೋದನ್ನು ಆನ್ ಮಾಡಿ, ಸಂಜೆ ಆಫೀಸಿಗೆ ಬಂದಾಗ ಅಪ್‌ಲೋಡ್ ಆಗುತ್ತದೆ. ಎಲ್ಲಾ ಹೋಗಿದೆಯಾ ಅಂತ ಕಂಪ್ಯೂಟರ್‌ನಲ್ಲಿ ನೋಡದೆ ಫೋನಿನಲ್ಲಿರೋ ಫೋಟೋ ಅಳಿಸಲೇಬೇಡಿ.