ಒಂದೇ ರೆಕ್ಕೆ ನೋಡಿ ಹುಳದ ಹೆಸರು ಹೇಳುವುದು ಹೇಗೆ?

ಪ್ರಶ್ನೆ: ಕೋಟಿಗಟ್ಟಲೆ ವರ್ಷ ಹಳೆಯ ಕಲ್ಲಿನಲ್ಲಿ ಹೊಸ ಕೀಟ ಸಿಕ್ಕಿತು ಅಂತ ಆಗಾಗ ಸುದ್ದಿ ಬರುತ್ತದೆ. ಫೋಟೊದಲ್ಲಿ ಮುರುಕು ರೆಕ್ಕೆ ಬಿಟ್ಟರೆ ಏನೂ ಕಾಣುವುದಿಲ್ಲ. ಅಷ್ಟಕ್ಕೇ ಹೆಸರಿಡುತ್ತಾರಲ್ಲ, ಇದು ಸುಮ್ನೆ ಊಹೆ ಅಲ್ವಾ?
ಓದುಗರು, ಹಾಸನ

ಉತ್ತರ: ಊಹೆ ಅಲ್ಲ. ಆದರೆ ತಪ್ಪೇ ಆಗುವುದಿಲ್ಲ ಅಂತಲೂ ಹೇಳಲಾರೆ.

ಅರಳಿ ಎಲೆಯನ್ನು ನೀರಲ್ಲಿ ನೆನೆಹಾಕಿದ್ದೀರಾ? ಹಸಿರೆಲ್ಲ ಕೊಳೆತು ನರಗಳ ಜಾಲರಿ ಉಳಿಯುತ್ತದೆ. ಕೀಟದ್ದೂ ಹೆಚ್ಚುಕಡಿಮೆ ಇದೇ ಕಥೆ. ಮೈಯ ಮೆದು ಭಾಗ ಹೋದರೂ ರೆಕ್ಕೆ ಬೇಗ ಕೊಳೆಯುವುದಿಲ್ಲ, ಅದರ ನರಗಳು ಕಲ್ಲಿನ ಮೇಲೆ ಗೆರೆಗಳಾಗಿ ಉಳಿದುಬಿಡುತ್ತವೆ. ಯಾವ ಗೆರೆ ಎಲ್ಲಿ ಕವಲೊಡೆಯುತ್ತದೆ, ಎಲ್ಲಿ ಇನ್ನೊಂದಕ್ಕೆ ಸೇರುತ್ತದೆ, ನಡುವಿನ ಮನೆಗಳ ಆಕಾರ ಏನು, ಇದೆಲ್ಲ ಒಂದೊಂದು ಗುಂಪಿಗೆ ಒಂದೊಂದು ರೀತಿ. ಏರೋಪ್ಲೇನ್ ಚಿಟ್ಟೆಯ ರೆಕ್ಕೆಯ ಮುಂದಿನ ಅಂಚು ನೋಡಿ. ನಡುವೆ ಕಬ್ಬಿನ ಗಿಣ್ಣಿನ ಹಾಗೆ ಒಂದು ಗಂಟಿರುತ್ತದೆ, ತುದಿಯ ಹತ್ತಿರ ಒಂದು ಸಣ್ಣ ಚುಕ್ಕೆ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಅಮೆರಿಕದ ಕೊಲೊರಾಡೊದ ಫ್ಲೋರಿಸೆಂಟ್‌ನದು. ಸುಮಾರು 3.4 ಕೋಟಿ ವರ್ಷಗಳ ಹಿಂದೆ ಅಲ್ಲಿ ಒಂದು ಕೆರೆ ಇತ್ತು. ಜ್ವಾಲಾಮುಖಿಯ ಬೂದಿ ಬಿದ್ದು ಬಿದ್ದು ಅದರ ತಳದ ಕೆಸರು ಕಾಗದದಷ್ಟು ತೆಳು ಪದರಗಳ ಕಲ್ಲಾಯಿತು. ಅಲ್ಲಿ ಸಿಕ್ಕ ಒಂದು ನೊಣಕ್ಕೆ ಕೀಟತಜ್ಞ ಸ್ಯಾಮ್ಯುಯೆಲ್ ಸ್ಕಡರ್ ಹೆಸರಿಟ್ಟರು. ಜಾನುವಾರುಗಳ ಮೈಯೊಳಗೆ ಮರಿ ಬೆಳೆಯುವ ಬಾಟ್ ನೊಣದ ಬಳಗ ಅಂದುಕೊಂಡಿದ್ದರು. ಆಮೇಲೆ ಇನ್ನೊಬ್ಬ ಕೀಟತಜ್ಞ ಥಿಯೊಡೋರ್ ಕಾಕರೆಲ್ ಗಮನಿಸಿ ನೋಡಿದರು. ಮುಂದಕ್ಕೆ ಚಾಚಿದ ಉದ್ದನೆ ಸೊಂಡಿಲು. ರೆಕ್ಕೆಯ ನಡುವಿನ ಒಂದು ಮನೆ ಥೇಟ್ ಕೊಡಲಿ ಆಕಾರ. ಆ ಕೊಡಲಿ ಇರುವುದು ತ್ಸೆತ್ಸೆ ನೊಣದಲ್ಲಿ, ಅಂದರೆ ಇವತ್ತು ಆಫ್ರಿಕಾದಲ್ಲಿ ನಿದ್ರಾರೋಗ ಹರಡುವ ನೊಣದಲ್ಲಿ! 1907ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅಮೆರಿಕದಲ್ಲಿ ತ್ಸೆತ್ಸೆ ಇತ್ತು ಅಂತ ಯಾರು ಊಹಿಸುತ್ತಿದ್ದರು ಹೇಳಿ?

ಗುರುತು ಹಿಡಿಯುವ ಕೆಲಸಕ್ಕೆ ತಾಳ್ಮೆ ಜಾಸ್ತಿ ಬೇಕು. ಕಲ್ಲಿನ ಮೇಲೆ ಒಂದು ಹನಿ ಆಲ್ಕೋಹಾಲ್ ಬಿಟ್ಟರೆ ಮಂಕಾಗಿದ್ದ ಗೆರೆ ಕಪ್ಪಗೆ ಎದ್ದು ಕಾಣುತ್ತದೆ, ಹನಿ ಆರಿದರೆ ಮತ್ತೆ ಮಾಯ. ಅಷ್ಟರಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆದುಕೊಳ್ಳಬೇಕು, ಫೋಟೊ ತೆಗೆಯಬೇಕು. ಆಮೇಲೆ ಈಗಿನ ಕೀಟಗಳ ಜೊತೆ, ಹಳೆಯ ಪಳೆಯುಳಿಕೆಗಳ ಜೊತೆ ಹೋಲಿಸಬೇಕು. ಗೆರೆಗಳು ಸಾಲದೆ ಹೋದರೆ ಇಂಥ ಕುಟುಂಬದ್ದು ಅಂತಷ್ಟೇ ಬರೆದು, ಹೆಸರಿಡದೆ ಬಿಡುತ್ತಾರೆ. ಇದು ನನಗೆ ದೊಡ್ಡ ಪ್ರಾಮಾಣಿಕತೆ ಅನ್ನಿಸುತ್ತದೆ.

ಹೆಸರಿಟ್ಟ ಕಲ್ಲನ್ನು ನಂಬರ್ ಹಾಕಿ ಮ್ಯೂಸಿಯಂನಲ್ಲಿ ಇಡುತ್ತಾರೆ. ನಿಮ್ಮಂಥವರಿಗೆ ಮುಂದೆ ಅನುಮಾನ ಬಂದರೆ ಅದೇ ಕಲ್ಲನ್ನು ತೆಗೆಸಿ, ಅದೇ ಗೆರೆಗಳನ್ನು ಮತ್ತೆ ಎಣಿಸಬಹುದು.