ಅಮೆರಿಕದ ಪಲ್ಪ್ ಪತ್ರಿಕೆಗಳ, ಅಂದರೆ ಅಗ್ಗದ ಕಥಾಪತ್ರಿಕೆಗಳ, ಲೇಖಕರು ಅಷ್ಟೊಂದು ಬರೆದರೂ ಅವರ ಹೆಸರು ಯಾಕೆ ಹೊರಗೆ ಬರಲಿಲ್ಲ?

ಬಹಳಷ್ಟು ಸಲ ಮುಖಪುಟದ ಹೆಸರು ಲೇಖಕರದ್ದಲ್ಲ, ಪ್ರಕಾಶಕರ ಸ್ವತ್ತು. ಬರೆಯುವವರು ಬದಲಾದರೂ ಓದುಗರಿಗೆ ಅದೇ ಹೆಸರು ಸಿಗಬೇಕು, ಪತ್ರಿಕೆ ನಿಲ್ಲಬಾರದು ಎಂಬ ಲೆಕ್ಕ ಅದು.

ವಾಲ್ಟರ್ ಗಿಬ್ಸನ್ ಅವರನ್ನೇ ನೋಡಿ. 1931ರಿಂದ 'ದಿ ಶಾಡೋ' ಎಂಬ ಪತ್ತೇದಾರಿ ಪತ್ರಿಕೆಗೆ ಅವರು ಬರೆದದ್ದು 280ಕ್ಕೂ ಹೆಚ್ಚು ಕಾದಂಬರಿ. ಪತ್ರಿಕೆ ತಿಂಗಳಿಗೆರಡು ಸಲ ಬರತೊಡಗಿದಾಗ ತಿಂಗಳಿಗೆ ಎರಡು ಕಾದಂಬರಿ ಮುಗಿಸುತ್ತಿದ್ದರು! ಆದರೆ ಅಚ್ಚಾಗುತ್ತಿದ್ದದ್ದು 'ಮ್ಯಾಕ್ಸ್‌ವೆಲ್ ಗ್ರಾಂಟ್' ಎಂದು. ಅದೇ ಹೆಸರಿನಲ್ಲಿ ಥಿಯೋಡೋರ್ ಟಿನ್ಸ್ಲೆ ಕೂಡ ಬರೆದರು. ಓದುಗರಿಗೆ ಇಬ್ಬರೂ ಒಬ್ಬರೇ.

ಇಷ್ಟು ಬರೆಯಲು ಕಾರಣ ಹೊಟ್ಟೆಪಾಡು. ಪಲ್ಪ್ ಅಂದರೆ ಮರದ ತಿರುಳಿನ ಅಗ್ಗದ ಕಾಗದ. ಒರಟು, ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಅಂಚು ಪುಡಿಪುಡಿ. ಸಂಭಾವನೆಯೂ ಅಗ್ಗವೇ: ಅನೇಕರಿಗೆ ಪದಕ್ಕೆ ಒಂದು ಸೆಂಟ್. ಐದು ಸಾವಿರ ಪದಗಳ ಕಥೆಗೆ 50 ಡಾಲರ್, ಅದೂ ಸಂಪಾದಕರು ಒಪ್ಪಿದರೆ. ವಿಚಿತ್ರ, ಭಯಾನಕ ಕಥೆಗಳ 'ವಿಯರ್ಡ್ ಟೇಲ್ಸ್' ಪತ್ರಿಕೆ ಕಥೆ ಅಚ್ಚಾದ ಮೇಲೆ ದುಡ್ಡು ಕೊಡುತ್ತಿತ್ತು, ಎಷ್ಟೋ ಸಲ ತಡವಾಗಿ. 1936ರಲ್ಲಿ ಅದರ ಲೇಖಕ ರಾಬರ್ಟ್ ಹೋವರ್ಡ್ ತೀರಿಕೊಂಡಾಗಲೂ ಅವರಿಗೆ ಬಾಕಿ ಬರಬೇಕಿತ್ತು. ಇದು ನನಗೆ ಈಗಲೂ ಸಂಕಟದ ಸಂಗತಿ. ಹಾಗೆಂದು ಸಂಪಾದಕ ಫಾರ್ನ್ಸ್‌ವರ್ತ್ ರೈಟ್ ಸುಖವಾಗಿದ್ದರು ಅಂದುಕೊಳ್ಳಬೇಡಿ. ಪಾರ್ಕಿನ್ಸನ್ ಕಾಯಿಲೆಯಿಂದ ನರಳುತ್ತಲೇ ಅವರು 1940ರವರೆಗೆ ಆ ಪತ್ರಿಕೆ ನಡೆಸಿದರು.